ಸಾಕಪ್ಪಾ ಈ ಮುಖಗಳ ಸಹವಾಸ

1907ರಲ್ಲಿ ಲಂಡನ್ನಿನ ಒಬ್ಬ ಚಿತ್ರಕಾರ, ಇನ್ಮೇಲೆ ಆರ್ಡರ್ ತಗೊಂಡು ಯಾರ ಭಾವಚಿತ್ರವನ್ನೂ ಬರೆಯೋದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟ. ಆಗ ಅವನಿಗೆ 51 ವರ್ಷ. ಕೆಲಸ ಸಿಗದೆ ಬಿಟ್ಟಿದ್ದಲ್ಲ, ಕೈ ಸೋತು ಬಿಟ್ಟಿದ್ದೂ ಅಲ್ಲ. ಒಂದು ಆಳೆತ್ತರದ ಚಿತ್ರಕ್ಕೆ ಸುಮಾರು ಸಾವಿರ ಗಿನಿ ತಗೊಳ್ತಿದ್ದ, ಅಂದ್ರೆ ಸಾವಿರದ ಐವತ್ತು ಪೌಂಡು. ಅಷ್ಟು ಕೊಟ್ಟು ಬರೆಸಿಕೊಳ್ಳೋಕೆ ಡ್ಯೂಕು, ಡಚೆಸ್ಸು, ಬ್ಯಾಂಕ್ ಮಾಲೀಕರು ಕಾಯ್ತಾ ಇದ್ರು. ಹೆಸರು ಜಾನ್ ಸಿಂಗರ್ ಸಾರ್ಜೆಂಟ್. ನಡುವಿನ ‘ಸಿಂಗರ್’ ತಾಯಿಯ ತವರುಮನೆಯ ಹೆಸರು. ಆದ್ರೆ ಮನುಷ್ಯನ ಕಥೆ ಗೊತ್ತಾದ ಮೇಲೆ ಆ ಹೆಸರು ಸುಮ್ಮನೆ ಬಂದಿಲ್ಲ ಅನ್ಸುತ್ತೆ.

ನಾನು ಈಗ ಕೆಲಸಕ್ಕೆ ಇರೋದು ಬಾಸ್ಟನ್‌ನಲ್ಲಿ. ಈ ಊರಲ್ಲಿ ಸಾರ್ಜೆಂಟ್‌ನನ್ನು ತಪ್ಪಿಸಿಕೊಳ್ಳೋದು ಕಷ್ಟ. ಪಬ್ಲಿಕ್ ಲೈಬ್ರರಿಯ ಮೇಲಿನ ಮಹಡಿಗೆ ಹೋದ್ರೆ ಗೋಡೆ ತುಂಬಾ ಅವನ ಚಿತ್ರ. ಫೈನ್ ಆರ್ಟ್ಸ್ ಮ್ಯೂಸಿಯಮ್ಮಿನ ಗುಮ್ಮಟದ ಒಳಗೆ ತಲೆ ಎತ್ತಿದ್ರೂ ಅವನೇ. ಇಸಾಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್ ಮ್ಯೂಸಿಯಂ ಅಂತ ಇನ್ನೊಂದಿದೆ. (ನಿಮ್ಮ ಹೆಸರು ಇಸಾಬೆಲ್ಲಾ ಆಗಿದ್ರೆ ಅಲ್ಲಿ ಟಿಕೆಟ್ ಬೇಡ. ನಮ್ಮ ಕಡೆಯ ಹೆಸರುಗಳಿಗೆ ಆ ಭಾಗ್ಯ ಇಲ್ಲ.) ಮೊದಲ ಚಳಿಗಾಲದಲ್ಲಿ, ಹೊರಗೆ ಓಡಾಡೋಕೆ ಆಗದೆ, ಹೀಟರ್ ಇರೋ ಜಾಗ ಅಂತ ಒಳಗೆ ಹೊಕ್ಕಿದ್ದು ನಾನು. ಆಮೇಲೆ ಚಿತ್ರಗಳಿಗಾಗಿಯೇ ಹೋಗೋಕೆ ಶುರು ಮಾಡಿದೆ.

ಗಾರ್ಡ್ನರ್ ಮ್ಯೂಸಿಯಮ್ಮಿನ ಕೆಳಮಹಡಿಯಲ್ಲಿ, ಕಮಾನಿನಾಚೆ, ಒಂದೇ ಒಂದು ದೊಡ್ಡ ಚಿತ್ರ. ಹನ್ನೊಂದು ಅಡಿಗೂ ಹೆಚ್ಚು ಅಗಲ. ಹೆಸರು ‘ಎಲ್ ಹಾಲೆಯೊ’. ಬಿಳಿ ಲಂಗದ ಒಬ್ಬ ಸ್ಪ್ಯಾನಿಷ್ ನರ್ತಕಿ ಹಿಂದಕ್ಕೆ ವಾಲಿ ಕೈ ಮುಂದೆ ಚಾಚಿದ್ದಾಳೆ. ಅವಳ ಹಿಂದೆ ಗೋಡೆಗೆ ಒರಗಿ ಸಾಲಾಗಿ ಕೂತ ಗಿಟಾರ್ ವಾದಕರು, ಚಪ್ಪಾಳೆ ತಟ್ಟುವವರು. ಒಬ್ಬನಂತೂ ಕತ್ತು ಪೂರ್ತಿ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಹಾಡ್ತಿದ್ದಾನೆ. ಬೆಳಕು ಕೆಳಗಿನಿಂದ ಬರೋದರಿಂದ ಎಲ್ಲರ ನೆರಳು ಗೋಡೆಯ ಮೇಲೆ ದೆವ್ವದ ಹಾಗೆ ಎದ್ದಿದೆ. ‘ಹಾಲೆಯೊ’ ಅಂದ್ರೆ ಕುಣಿಯುವವರಿಗೆ ಹುರುಪು ಬರಲಿ ಅಂತ ಸುತ್ತ ಇರೋರು ಹಾಕುವ ಕೂಗು, ಚಪ್ಪಾಳೆ. ನಮ್ಮ ಕಛೇರಿಗಳಲ್ಲಿ ಮುಂದಿನ ಸಾಲಿನ ಹಿರಿಯರು ‘ಭಲೇ’ ಅಂತಾರಲ್ಲ, ಆ ಜಾತಿಯದು. ಅಂದ್ರೆ ಚಿತ್ರಕ್ಕೆ ಇಟ್ಟ ಹೆಸರೇ ಒಂದು ಸದ್ದು.

1879ರಲ್ಲಿ ಸಾರ್ಜೆಂಟ್ ಸ್ಪೇನ್ ಸುತ್ತೋಕೆ ಹೋಗಿದ್ದ, 23ರ ಹುಡುಗ. ಮ್ಯಾಡ್ರಿಡ್‌ನಲ್ಲಿ ವೆಲಾಸ್ಕೆಸ್‌ನ ಚಿತ್ರಗಳ ಮುಂದೆ ಕೂತು ನಕಲು ಮಾಡಿ ಕೈ ಪಳಗಿಸಿಕೊಂಡ. ಅಲ್ಲಿಂದ ದಕ್ಷಿಣಕ್ಕೆ ಇಳಿದು, ಸಮುದ್ರ ದಾಟಿ ಮೊರಾಕ್ಕೊಗೂ ಹೋದ. ಈ ಚಿತ್ರ ಬರೆದದ್ದು ಸ್ಪೇನ್‌ನಲ್ಲಿ ಅಲ್ಲ, ವಾಪಸ್ ಪ್ಯಾರಿಸ್‌ಗೆ ಬಂದ ಮೇಲೆ. ಪ್ರದರ್ಶನಕ್ಕೆ ಇಟ್ಟಿದ್ದು 1882ರಲ್ಲಿ. ಕೇಳಿದ ಹಾಡು, ನೋಡಿದ ಕುಣಿತ ಅಷ್ಟು ದಿನ ತಲೆಯಲ್ಲಿ ಉಳಿದಿತ್ತು ಅಂತಾಯ್ತು. ಇದಕ್ಕೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಆಮೇಲೆ ಬಾಸ್ಟನ್ನಿನ ಒಬ್ಬ ಶ್ರೀಮಂತರ ಮನೆ ಸೇರಿತು. ಮಿಸೆಸ್ ಗಾರ್ಡ್ನರ್ ಅದರ ಮೇಲೆ ಎಷ್ಟು ಆಸೆಪಟ್ಟಿದ್ರು ಅಂದ್ರೆ, ಚಿತ್ರ ಇನ್ನೂ ತಮ್ಮದಾಗುವ ಮೊದಲೇ ಅದಕ್ಕಂತ ತಮ್ಮ ಮ್ಯೂಸಿಯಮ್ಮಿನಲ್ಲಿ ಈ ಜಾಗ ಕಟ್ಟಿಸಿ, ಪಕ್ಕದಲ್ಲಿ ಕನ್ನಡಿ ಇಟ್ಟು, ಕೆಳಗಿನಿಂದ ದೀಪ ಹಾಕಿಸಿದ್ರು. ಅಷ್ಟೆಲ್ಲಾ ನೋಡಿದ ಮೇಲೆ ಮಾಲೀಕರಿಗೆ ಬೇರೆ ದಾರಿ ಇರಲಿಲ್ಲ, ಕೊಟ್ಟೇಬಿಟ್ರು.

ಸಾರ್ಜೆಂಟ್‌ಗೆ ಊರು ಅಂತ ಒಂದು ಇರಲಿಲ್ಲ. ಅಪ್ಪ ಫಿಲಡೆಲ್ಫಿಯಾದ ಡಾಕ್ಟರು, ಅಮ್ಮನಿಗೆ ಯೂರೋಪ್ ಹುಚ್ಚು. ಹುಟ್ಟಿದ್ದು 1856ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ. ಬೇಸಿಗೆಗೆ ಒಂದು ಊರು, ಚಳಿಗೆ ಇನ್ನೊಂದು ಊರು ಅಂತ ಮನೆಮಂದಿಯೆಲ್ಲ ಬಾಡಿಗೆ ಮನೆಗಳಲ್ಲಿ ಅಲೀತಿದ್ರು. ಹುಡುಗ ನೆಟ್ಟಗೆ ಸ್ಕೂಲಿಗೆ ಹೋಗಲಿಲ್ಲ. ಆದ್ರೆ ನಾಲ್ಕು ಭಾಷೆ ಬಂತು, ಸ್ಕೆಚ್ ಬುಕ್ ಬಂತು, ಪಿಯಾನೋ ಬಂತು. ತನ್ನ ಸ್ವಂತ ದೇಶ ಅಮೆರಿಕವನ್ನು ಮೊದಲು ನೋಡಿದ್ದು ಇಪ್ಪತ್ತನೇ ವಯಸ್ಸಿನಲ್ಲಿ!

ಪಿಯಾನೋ ಬಂತು ಅಂದ್ರೆ ಏನೋ ನಾಲ್ಕು ಟ್ಯೂನ್ ನುಡಿಸೋ ಮಟ್ಟಕ್ಕಲ್ಲ. ಕಷ್ಟದ ಸಂಗೀತದ ಹಾಳೆಯನ್ನು ಮೊದಲ ಸಲ ಕಣ್ಣಿಗೆ ಹಿಡಿದುಕೊಂಡೇ ನುಡಿಸಿಬಿಡ್ತಿದ್ದ. ಪ್ಯಾರಿಸ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಒಂದು ಗುಂಡನೆಯ ಸರ್ಕಸ್ ಕಟ್ಟಡದಲ್ಲಿ ಪಾಸ್ದೆಲೂ ಅನ್ನುವವರ ಆರ್ಕೆಸ್ಟ್ರಾ ಪ್ರಾಕ್ಟೀಸ್ ಮಾಡೋದನ್ನು ಕೇಳೋಕೆ ಹೋಗ್ತಿದ್ದ. ಆಗ ಬರೆದ ಕಪ್ಪು-ಬಿಳುಪಿನಂಥ ಒಂದು ಸಣ್ಣ ಚಿತ್ರ ಇಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಮೇಲಿನ ಸಾಲಿನಿಂದ ಬಗ್ಗಿ ನೋಡಿದ ಹಾಗೆ. ಯಾರ ಮುಖವೂ ಸರಿಯಾಗಿ ಕಾಣಲ್ಲ, ಬರೀ ಕುಂಚದ ಎಳೆತಗಳು, ನಡುನಡುವೆ ಬಿಳಿ ಹಾಳೆಗಳ ಚುಕ್ಕೆ. ಮುಖ ಬರೆಯೋದರಲ್ಲಿ ಮುಂದೆ ಲೋಕಪ್ರಸಿದ್ಧನಾದವನು ಸಂಗೀತ ಕೇಳ್ತಾ ಬರೆದಾಗ ಮುಖಗಳನ್ನೇ ಬಿಟ್ಟಿದ್ದಾನೆ. ನನಗೆ ಅವನ ಎಷ್ಟೋ ಡಚೆಸ್‌ಗಳಿಗಿಂತ ಈ ಚಿತ್ರ ಇಷ್ಟ.

ಇನ್ನು ಆರ್ಡರ್‌ಗಳ ವಿಷಯ. 1884ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ‘ಮೇಡಂ ಎಕ್ಸ್’ ಇಟ್ಟು ಪೆಟ್ಟು ತಿಂದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ: ಕಪ್ಪು ಗೌನ್ ತೊಟ್ಟ ಸಮಾಜದ ಚೆಲುವೆ, ಭುಜದಿಂದ ಜಾರಿದ ಪಟ್ಟಿ, ಊರೆಲ್ಲ ಗಲಾಟೆ. ಆಕೆಯ ತಾಯಿ ಬಂದು ಚಿತ್ರ ತೆಗೆಯಿರಿ ಅಂತ ಅತ್ತುಕೊಂಡ್ರು. ಅದೂ ಆರ್ಡರ್ ಚಿತ್ರ ಅಲ್ಲ, ಸಾರ್ಜೆಂಟೇ ಹಿಂದೆ ಬಿದ್ದು ಒಪ್ಪಿಸಿ ಬರೆದದ್ದು. ಆಮೇಲೆ ಪಟ್ಟಿಯನ್ನು ಭುಜದ ಮೇಲೆ ಕೂರಿಸಿ ತಿದ್ದಿದ. ಚಿತ್ರವನ್ನು ಮೂವತ್ತು ವರ್ಷ ತನ್ನ ಹತ್ತಿರವೇ ಇಟ್ಟುಕೊಂಡು, 1916ರಲ್ಲಿ ನ್ಯೂಯಾರ್ಕ್ ಮ್ಯೂಸಿಯಮ್ಮಿಗೆ ಮಾರಿದ. ಗಲಾಟೆ ಆದ ಮೇಲೆ ಪ್ಯಾರಿಸ್‌ನಲ್ಲಿ ಗಿರಾಕಿಗಳು ಕಮ್ಮಿಯಾದ್ರು. 1886ರಲ್ಲಿ ಲಂಡನ್‌ಗೆ ಬಂದು ನೆಲೆಸಿದ.

ಲಂಡನ್ನಿನ ಸ್ಟುಡಿಯೋ ಇದ್ದದ್ದು ಟೈಟ್ ಸ್ಟ್ರೀಟ್‌ನಲ್ಲಿ. ಕೂರಲು ಬಂದವರ ಪಕ್ಕದಲ್ಲೇ ಕ್ಯಾನ್ವಾಸ್ ಇಟ್ಟು, ದೂರ ಹೋಗಿ ನೋಡಿ, ಓಡಿ ಬಂದು ಒಂದು ಏಟು ಬಣ್ಣ ಹಾಕಿ, ಮತ್ತೆ ಹಿಂದೆ ಹೋಗೋದು. ದಿನಕ್ಕೆ ಎಷ್ಟು ಮೈಲಿ ನಡೀತಿದ್ನೋ ಏನೋ. ಅಲ್ಲೊಂದು ಪಿಯಾನೋ ಇತ್ತು. ಬ್ರಶ್ ಮಾತು ಕೇಳದಿದ್ರೆ, ಅಥವಾ ಎದುರಿಗೆ ಕೂತವರು ಮರದ ಗೊಂಬೆ ಥರ ಬಿಗಿದುಕೊಂಡ್ರೆ, ಹೋಗಿ ಪಿಯಾನೋ ಮುಂದೆ ಕೂತುಬಿಡ್ತಿದ್ದ. ಸ್ವಲ್ಪ ನುಡಿಸಿ ಎದ್ದು ಬರೋ ಹೊತ್ತಿಗೆ ಇಬ್ಬರೂ ಸ್ವಲ್ಪ ಸಡಿಲ ಆಗಿರ್ತಿದ್ರು.

ಸಂಗೀತಗಾರರನ್ನು ಬರೆಯುವಾಗ ಇನ್ನೂ ಮಜಾ. ಸಂಗೀತ ಸಂಯೋಜಕಿ ಎಥೆಲ್ ಸ್ಮಿತ್ ಅವರನ್ನು 1901ರಲ್ಲಿ ಇದ್ದಿಲಿನಲ್ಲಿ ಬರೆದ. ಸುಮ್ಮನೆ ಕೂರಿಸಲಿಲ್ಲ, ನೀವು ಹಾಡ್ತಾ ಇರಿ, ನಾನು ಬರೀತೀನಿ ಅಂದ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಗದ್ದ ಮೇಲೆತ್ತಿ, ಬಾಯಿ ಅರ್ಧ ತೆರೆದು, ಕಣ್ಣು ಎಲ್ಲೋ ನೆಟ್ಟಿದೆ. ಫೋಟೋ ಸ್ಟುಡಿಯೋದಲ್ಲಿ ‘ಸ್ಮೈಲ್ ಪ್ಲೀಸ್’ ಅಂದಾಗ ಬರೋ ಮುಖ ಅಲ್ಲವೇ ಅಲ್ಲ. ಫ್ರೆಂಚ್ ಸಂಯೋಜಕ ಗ್ಯಾಬ್ರಿಯಲ್ ಫೋರೆಯನ್ನೂ ಬರೆದ. ಬರೆದು ಸುಮ್ಮನಿರಲಿಲ್ಲ, ಲಂಡನ್ನಿನಲ್ಲಿ ಅವನ ಸಂಗೀತ ಕೇಳಿಸೋಕೆ ಸಿಕ್ಕಸಿಕ್ಕವರಿಗೆಲ್ಲ ಶಿಫಾರಸು ಮಾಡ್ತಾ ಓಡಾಡಿದ. ಬಾಸ್ಟನ್ ಸಿಂಫನಿಯ ಮೊದಲ ಕಂಡಕ್ಟರ್ ಆಗಿದ್ದ ಗಾಯಕ ಜಾರ್ಜ್ ಹೆನ್ಶೆಲ್‌ನನ್ನು ಬರೆದ. ಇವರಲ್ಲಿ ಹೆಚ್ಚಿನವರು ಸ್ನೇಹಿತರು.

ಒಂದು ಚಿತ್ರಕ್ಕಂತೂ ಹೆಸರೇ ಹಾಡಿನಿಂದ ಬಂತು. 1885ರಲ್ಲಿ, ಪ್ಯಾರಿಸ್ ಪೆಟ್ಟಿನ ನೋವು ಇನ್ನೂ ಹಸಿಯಾಗಿದ್ದಾಗ, ಇಂಗ್ಲೆಂಡಿನ ಬ್ರಾಡ್‌ವೇ ಅನ್ನೋ ಹಳ್ಳಿಯಲ್ಲಿ ಕಲಾವಿದ ಗೆಳೆಯರ ಜೊತೆ ಉಳಿದಿದ್ದ. ಸಂಜೆ ತೋಟದಲ್ಲಿ ಇಬ್ಬರು ಪುಟ್ಟ ಹುಡುಗಿಯರು ಕಾಗದದ ಲಾಟೀನು ಹಚ್ಚುವ ದೃಶ್ಯ. ಅವನಿಗೆ ಬೇಕಾದ ಮಬ್ಬು ಬೆಳಕು ದಿನಕ್ಕೆ ಹತ್ತೇ ನಿಮಿಷ ಇರ್ತಿತ್ತು. ಆಟ ಆಡ್ತಿದ್ದವನು ಎಲ್ಲ ಬಿಟ್ಟು ಓಡಿ ಬಂದು ಹತ್ತು ನಿಮಿಷ ಬರೆದು ಮತ್ತೆ ಆಟಕ್ಕೆ ಹೋಗೋದು. ಗುಲಾಬಿ ಉದುರಿಹೋದಾಗ ಗಿಡಕ್ಕೆ ಬಟ್ಟೆ ಹೂ ಕಟ್ಟಿದ್ರು. ಆ ವರ್ಷ ಮುಗಿಯದೆ ಮಾರನೇ ವರ್ಷಕ್ಕೂ ಮುಂದುವರಿಯಿತು. ರಾತ್ರಿ ಎಲ್ಲ ಪಿಯಾನೋ ಸುತ್ತ ಸೇರಿ ಹಾಡ್ತಿದ್ದ ಒಂದು ಹಳೆಯ ಹಾಡಿನ ಪಲ್ಲವಿಯೇ ಚಿತ್ರದ ಹೆಸರಾಯ್ತು: ‘ಕಾರ್ನೇಶನ್, ಲಿಲಿ, ಲಿಲಿ, ರೋಸ್’. ಇದಕ್ಕೂ ಆರ್ಡರ್ ಇರಲಿಲ್ಲ. ಇಂಗ್ಲೆಂಡಿನ ಜನ ಅವನನ್ನು ಒಪ್ಪಿಕೊಳ್ಳೋಕೆ ಶುರು ಮಾಡಿದ್ದು ಈ ಚಿತ್ರದಿಂದ.

ಒಪ್ಪಿಕೊಂಡ ಮೇಲೆ ಬಿಡಲಿಲ್ಲ ನೋಡಿ. ಲಂಡನ್ನಿನ ಕಲಾವ್ಯಾಪಾರಿ ಆಶರ್ ವರ್ಟೈಮರ್ ಅನ್ನುವವರು ತಾವು, ಹೆಂಡತಿ, ಮಕ್ಕಳು ಅಂತ ಒಂದೇ ಸಂಸಾರದ ಹನ್ನೆರಡು ಚಿತ್ರ ಬರೆಸಿದ್ರು, ಸುಮಾರು ಹತ್ತು ವರ್ಷದ ಪ್ರಾಜೆಕ್ಟು. ಸಾರ್ಜೆಂಟ್‌ಗೆ ಆ ಮನೆಯವರ ಮೇಲೆ ಪ್ರೀತಿಯೇ ಇತ್ತು. ಆದ್ರೂ ನನಗೆ ವಾಸಿಯಾಗದ ವರ್ಟೈಮರ್ ಕಾಯಿಲೆ ಬಂದಿದೆ ಅಂತ ತಮಾಷೆ ಮಾಡ್ತಿದ್ದ. 1903ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಚಿತ್ರ. ಅವರು ಕೊಟ್ಟ ಸಮಯ ಊಟದ ನಂತರ ದಿನಕ್ಕೆ ಅರ್ಧ ಗಂಟೆ. ವೈಟ್ ಹೌಸ್ ತುಂಬಾ ಒಳ್ಳೆ ಬೆಳಕು ಹುಡುಕ್ತಾ ಇಬ್ಬರೂ ಮೇಲೆ ಕೆಳಗೆ ಓಡಾಡಿದ್ರು. ಕೊನೆಗೆ ಮೆಟ್ಟಿಲ ಹತ್ತಿರ ಅಧ್ಯಕ್ಷರಿಗೆ ತಾಳ್ಮೆ ತಪ್ಪಿ ಕಂಬದ ಗುಂಡಿನ ಮೇಲೆ ಕೈ ಇಟ್ಟು ತಿರುಗಿ ರೇಗಿದ್ರು. ಸಾರ್ಜೆಂಟ್, ಹಾಂ, ಅಲ್ಲೇ ನಿಲ್ಲಿ ಅಂದ. ಚಿತ್ರ ಅದೇ ಭಂಗಿಯಲ್ಲಿದೆ. ಅರ್ಧ ಗಂಟೆಯ ಕ್ಲೈಂಟ್ ಕಾಲ್‌ನಲ್ಲಿ ಇಡೀ ರಿಕ್ವೈರ್‌ಮೆಂಟ್ ಎಳೆದುಕೊಂಡವರಿಗೆ ಮಾತ್ರ ಇದರ ಕಷ್ಟ ಅರ್ಥ ಆಗೋದು.

ಈ ಕಥೆಯನ್ನೆಲ್ಲ ನಾನು ತಂಗಿಗೆ ಹೇಳಿದೆ. ಅವಳು ಮೈಸೂರಿನಲ್ಲಿ ಚಿತ್ರ ಬರೆದೇ ದುಡಿಯೋಳು. ಮದುವೆ ಕಾರ್ಡಿಗೆ ಹುಡುಗ-ಹುಡುಗಿ ಜೋಡಿ ಚಿತ್ರ, ಗೃಹಪ್ರವೇಶಕ್ಕೆ ಅಪ್ಪ-ಅಮ್ಮನ ಚಿತ್ರ, ತೀರಿಹೋದ ಅಜ್ಜನ ಮಾಸಿದ ಫೋಟೋ ನೋಡಿಕೊಂಡು ದೊಡ್ಡ ಚಿತ್ರ. ಇನ್‌ಸ್ಟಾಗ್ರಾಂನಲ್ಲಿ ಆರ್ಡರ್, ಫೋನ್‌ಪೇಯಲ್ಲಿ ಅಡ್ವಾನ್ಸ್. ಎರಡು ತಿಂಗಳಿಂದ ಒಂದೇ ರಾಗ: “ಅಣ್ಣಾ, ಇನ್ನೊಬ್ರು ‘ಮೇಡಂ, ಸ್ವಲ್ಪ ಬೆಳ್ಳಗೆ ಮಾಡಿ, ಗಲ್ಲ ಸ್ವಲ್ಪ ತೆಳ್ಳಗೆ ಮಾಡಿ’ ಅಂದ್ರೆ ನಾನು ಟ್ಯಾಬ್ ಎಸೀತೀನಿ ಕಣೋ. ಆರ್ಡರ್ ಎಲ್ಲ ಬಿಟ್ಬಿಡ್ಲಾ? ನಂದೇ ಏನಾದ್ರೂ ಬರೀತೀನಿ.” ಬಾಡಿಗೆ ಇದೆ, ಅಮ್ಮನ ಮಾತ್ರೆ ಖರ್ಚನ್ನು ನಾವಿಬ್ರೂ ಹಂಚಿಕೊಂಡಿದ್ದೀವಿ. ಇಂಥದ್ದಕ್ಕೆ ಹೂಂ ಅನ್ನೋದೂ ಕಷ್ಟ, ಉಹೂಂ ಅನ್ನೋದೂ ಕಷ್ಟ. ಅದಕ್ಕೆ ಸಾರ್ಜೆಂಟ್‌ನನ್ನು ಮುಂದೆ ತಂದೆ. ನೋಡು, ಅವನೂ ಬಿಟ್ಟ, ಆದ್ರೆ 51ಕ್ಕೆ ಬಿಟ್ಟ ಅಂದೆ.

“ಅವನಿಗೆ ಮದುವೆ ಆಗಿತ್ತಾ?” ಅಂದ್ಲು.

ಇಲ್ಲ.

“ಹೋಮ್ ಲೋನ್?”

ಗೊತ್ತಿಲ್ಲ ಅಂದೆ. ನಕ್ಕಳು. ಆಮೇಲೆ ಪಿಯಾನೋ ವಿಷಯ ಇನ್ನೊಂದು ಸಲ ಹೇಳು ಅಂದ್ಲು. ಹೇಳಿದೆ. “ನಾನೂ ಒಂಥರಾ ಅದೇ ಮಾಡ್ತೀನಿ. ತೀರಿಹೋದೋರ ಚಿತ್ರ ಬರೀಬೇಕಾದ್ರೆ ಅವರದ್ದೇನಾದ್ರೂ ವಾಯ್ಸ್ ನೋಟ್ ಇದ್ರೆ ಕಳಿಸಿ ಅಂತೀನಿ. ಒಬ್ಬ ಅಜ್ಜ ‘ಹಾಲು ತಂದಿಟ್ಟಿದೀನಿ, ಕಾಯಿಸಿಕೋ’ ಅಂತ ಹೇಳಿರೋದು ಒಂದಿತ್ತು. ಅದನ್ನ ಕೇಳ್ತಾ ಕೇಳ್ತಾ ಬರೆದೆ. ಆ ಬಾಯಿ ಒಂದೇ ಸಲಕ್ಕೆ ಬಂತು.” ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಬಿಡ್ತೀನೋ ಇಲ್ವೋ ಅನ್ನೋದು ಆ ದಿನ ಇತ್ಯರ್ಥ ಆಗಲಿಲ್ಲ, ಇನ್ನೂ ಆಗಿಲ್ಲ. ವಾರಕ್ಕೆ ಎರಡು ದಿನ ಆರ್ಡರ್ ಮುಟ್ಟಲ್ಲ ಅಂತ ಸದ್ಯಕ್ಕೆ ಒಂದು ಲೆಕ್ಕ ಹಾಕಿಕೊಂಡಿದ್ದಾಳೆ.

ಇನ್‌ಸ್ಟಾಗ್ರಾಂ ರೀಲ್‌ಗಳಲ್ಲಿ ಇಂಥ ಕಥೆಗಳಿಗೆ ಒಂದು ಫಾರ್ಮುಲಾ ಇದೆ: ಕೆಲಸ ಬಿಟ್ಟ, ಕನಸು ಹಿಡಿದ, ಗೆದ್ದ. ಸಾರ್ಜೆಂಟ್ ಅದಕ್ಕೆ ಹೊಂದಲ್ಲ. ಬಿಟ್ಟ ಮೇಲೂ ಶ್ರೀಮಂತರು ಬಿಡಲಿಲ್ಲ. ಅವರ ಕಾಟಕ್ಕೆ ಒಂದು ಉಪಾಯ ಮಾಡಿದ: ಎಣ್ಣೆಬಣ್ಣ ಇಲ್ಲ, ಇದ್ದಿಲಿನಲ್ಲಿ ಎರಡು ಮೂರು ಗಂಟೆಯಲ್ಲಿ ಮುಖ ಮಾತ್ರ ಬರೆದು ಕೊಡ್ತೀನಿ. ಹೀಗೆ ನೂರಾರು ಬರೆದ. ಅವನ ಬಾಯಲ್ಲಿ ಅವು ‘ಮಗ್’ಗಳು, ಬರೀ ಮೋರೆಗಳು. ಅದೇ 1907ರಲ್ಲಿ ಬ್ರಿಟಿಷ್ ನೈಟ್‌ಹುಡ್ ಕೊಡೋಣ ಅಂದಾಗ, ನಾನು ಅಮೆರಿಕದ ಪ್ರಜೆ, ಬೇಡ ಅಂದ. ಅಲ್ಲಿ ಹೋಗಿ ಬದುಕಿದ್ದು ಕಮ್ಮಿ, ಆದ್ರೂ ಪ್ರಜೆ ಅಲ್ಲಿಯವನೇ.

ಆರ್ಡರ್ ಬಿಟ್ಟ ಮೇಲೆ ಪ್ರವಾಸ ಹೆಚ್ಚಾಯ್ತು. ಬೇಸಿಗೆಗೆ ಆಲ್ಪ್ಸ್ ಬೆಟ್ಟ, ಆಮೇಲೆ ವೆನಿಸ್, ಸ್ಪೇನ್. ಜೊತೆಗೆ ತಂಗಿ ಎಮಿಲಿ, ಇನ್ನೊಬ್ಬ ತಂಗಿ ವಯೊಲೆಟ್‌ಳ ಮಕ್ಕಳು, ಗೆಳೆಯರು. ಲಗೇಜಿನಲ್ಲಿ ಒಂದು ಕಾಶ್ಮೀರಿ ಶಾಲು ಇರ್ತಿತ್ತು. ಸೋದರ ಸೊಸೆ ರೇನ್ ಎಂಬ ಹುಡುಗಿಗೆ ಅದನ್ನು ಏಳು ರೀತಿ ಹೊದಿಸಿ, ಏಳು ಹೆಂಗಸರು ಸಾಲಾಗಿ ನಡೆದುಹೋಗುವ ಹಾಗೆ ಒಂದು ಚಿತ್ರ ಮಾಡಿದ. ಜಲವರ್ಣ ಬರೆಯೋದು ಆಗಲೇ ಹೆಚ್ಚಾಗಿದ್ದು. ವೆನಿಸ್‌ನಲ್ಲಿ ದೋಣಿಯಲ್ಲೇ ಕೂತು ಬರೆದವುಗಳಲ್ಲಿ ನೀರಿನ ಮಟ್ಟದಿಂದ ಕಾಣುವ ಸೇತುವೆಯ ಹೊಟ್ಟೆ, ಚರ್ಚಿನ ಬಾಗಿಲು, ಅಷ್ಟೇ. ಇಡೀ ದೃಶ್ಯ ಹಿಡಿಯಬೇಕು ಅನ್ನೋ ಹಟ ಇಲ್ಲ. ಇವನ್ನು ಬಿಡಿಬಿಡಿಯಾಗಿ ಮಾರೋಕೆ ಮನಸ್ಸಿರಲಿಲ್ಲ. 1909ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ 83 ಜಲವರ್ಣಗಳನ್ನು ಒಟ್ಟಿಗೇ ಕೊಂಡಾಗ ಕೊಟ್ಟ.

ಆ ಬೆಟ್ಟದ ದಿನಗಳಲ್ಲಿ ಅವನ ಚಿತ್ರಗಳಿಗೆ ಮತ್ತೆ ಮತ್ತೆ ನಿಂತವಳು ರೇನ್‌ಳ ಅಕ್ಕ ರೋಸ್-ಮರೀ. ಮೊದಲ ಮಹಾಯುದ್ಧ ಶುರುವಾದ 1914ರಲ್ಲೇ ಅವಳ ಗಂಡ ರಣರಂಗದಲ್ಲಿ ಸತ್ತ. 1918ರ ಮಾರ್ಚ್ 29, ಗುಡ್ ಫ್ರೈಡೇ. ಪ್ಯಾರಿಸ್ಸಿನ ಸೇಂಟ್ ಜೆರ್ವೆ ಚರ್ಚಿನಲ್ಲಿ ಸಂಗೀತ ಕೇಳೋಕೆ ಹೋಗಿದ್ದಳು. ಬಹಳ ದೂರದಿಂದ ಹಾರಿಸಿದ ಜರ್ಮನ್ ಫಿರಂಗಿಯ ಗುಂಡು ಆ ಚರ್ಚಿನ ಮೇಲೆ ಬಿತ್ತು. ಸತ್ತವರಲ್ಲಿ ಅವಳೂ ಒಬ್ಬಳು. ಕೆಲವೇ ತಿಂಗಳಲ್ಲಿ, 62ನೇ ವಯಸ್ಸಿನಲ್ಲಿ, ಸಾರ್ಜೆಂಟ್ ಬ್ರಿಟಿಷ್ ಸರ್ಕಾರದ ಕೋರಿಕೆಯ ಮೇಲೆ ಯುದ್ಧಭೂಮಿಗೆ ಹೋದ. ಮತ್ತೊಂದು ಆರ್ಡರ್, ಹಾಗೆ ನೋಡಿದ್ರೆ. ಅಲ್ಲಿಂದ ಬಂದು ಬರೆದ ‘ಗ್ಯಾಸ್ಡ್’ ಆರು ಮೀಟರ್ ಉದ್ದವಿದೆ. ವಿಷಾನಿಲದಿಂದ ಕಣ್ಣು ಕಳೆದುಕೊಂಡ ಸೈನಿಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮುಂದಿನವನ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಡೀತಿದ್ದಾರೆ. ಜೀವನವೆಲ್ಲಾ ಜನರ ಕಣ್ಣನ್ನೇ ನೋಡಿ ಬರೆದವನ ದೊಡ್ಡ ಚಿತ್ರದಲ್ಲಿ ಕಣ್ಣು ಕಾಣೋದಿಲ್ಲ.

ಬಾಸ್ಟನ್ನಿನ ಗುಮ್ಮಟದ ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿನ ಗ್ರೀಕ್ ದೇವತೆಗಳೆಲ್ಲ ಅಮೃತಶಿಲೆಯಷ್ಟು ಬೆಳ್ಳಗಿದ್ದಾರೆ. ಅವರಲ್ಲಿ ಅನೇಕರಿಗೆ ಮಾಡೆಲ್ ಆಗಿ ನಿಂತವನು ಥಾಮಸ್ ಮೆಕೆಲ್ಲರ್, ಇಲ್ಲಿನ ಒಂದು ಹೋಟೆಲಿನ ಲಿಫ್ಟ್ ನಡೆಸುತ್ತಿದ್ದ ಕಪ್ಪು ಯುವಕ. ಮೈ ಅವನದು, ಬಣ್ಣ, ಮುಖ ಬೇರೆಯವರದು. ‘ಸ್ವಲ್ಪ ಬೆಳ್ಳಗೆ ಮಾಡಿ’ ನೆನಪಾಗಿ ನನಗೆ ಆ ಗುಮ್ಮಟದ ಕೆಳಗೆ ಹೆಚ್ಚು ಹೊತ್ತು ನಿಲ್ಲೋಕೆ ಆಗಲ್ಲ. ಆದ್ರೆ ಯಾರ ಆರ್ಡರೂ ಇಲ್ಲದೆ, ಮೆಕೆಲ್ಲರ್‌ನನ್ನು ಮೆಕೆಲ್ಲರ್ ಆಗಿಯೇ ಬರೆದ ಒಂದು ಎಣ್ಣೆಬಣ್ಣದ ಚಿತ್ರವೂ ಅದೇ ಮ್ಯೂಸಿಯಮ್ಮಿನಲ್ಲಿದೆ. ತಲೆ ಮೇಲೆತ್ತಿ ಕೂತಿದ್ದಾನೆ. ಅದನ್ನು ಸಾರ್ಜೆಂಟ್ ಕೊನೆಯವರೆಗೂ ಮಾರಲಿಲ್ಲ. 1925ರ ಏಪ್ರಿಲ್‌ನಲ್ಲಿ, ಅದೇ ಮ್ಯೂಸಿಯಮ್ಮಿನ ಕಡೆಯ ಚಿತ್ರಗಳ ಕೆಲಸಕ್ಕೆ ಬಾಸ್ಟನ್ ಹಡಗು ಹತ್ತೋ ಮುಂಚೆ, ರಾತ್ರಿ ನಿದ್ದೆಯಲ್ಲಿ ತೀರಿಹೋದ.

ಈ ಕಡೆ ಬಂದ್ರೆ ಲೈಬ್ರರಿಗೆ ಟಿಕೆಟ್ ಬೇಡ, ಮೆಟ್ಟಿಲು ಹತ್ತಿ. ಅರ್ಧ ದಿನ ಹೆಚ್ಚಿಗೆ ಇದ್ರೆ ಟ್ರೇನ್ ಹಿಡಿದು ಪಕ್ಕದ ಪ್ರಾವಿಡೆನ್ಸ್‌ಗೆ ಹೋಗಿ. ಅಲ್ಲಿನ ಡಿಸೈನ್ ಕಾಲೇಜಿನ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಮ್ಯಾನುಯೆಲ್ ಗಾರ್ಸಿಯಾ ಅನ್ನುವ ಸಂಗೀತದ ಮೇಷ್ಟರ ಚಿತ್ರ ಇದೆ. ಹಾಡುವಾಗ ಗಂಟಲೊಳಗೆ ಏನಾಗುತ್ತೆ ಅಂತ ಕನ್ನಡಿ ಹಿಡಿದು ಮೊದಲು ನೋಡಿದವರು ಅವರು. ಡಾಕ್ಟರುಗಳು ಈಗಲೂ ಗಂಟಲು ನೋಡೋಕೆ ಬಳಸೋ ಸಾಧನದ ಮೂಲ ಅದೇ. ಅವರ ನೂರನೇ ಹುಟ್ಟುಹಬ್ಬಕ್ಕೆ, 1905ರಲ್ಲಿ, ಅಭಿಮಾನಿಗಳು ಚಂದಾ ಎತ್ತಿ ಬರೆಸಿದ ಚಿತ್ರ. ಅಂದ್ರೆ ಅದೂ ಆರ್ಡರೇ. ಎರಡೇ ವರ್ಷದಲ್ಲಿ ‘ಸಾಕು’ ಅನ್ನುವವನಿದ್ದ ಸಾರ್ಜೆಂಟ್ ಆ ನೂರು ವರ್ಷದ ಮುಖಕ್ಕೆ ಏನೇನೂ ಅವಸರ ಮಾಡಿಲ್ಲ.